ಪೇಟೆ, ರೈಲು, ಬಸ್ಸು: ತುಮಕೂರು ನಗರಮಧ್ಯದ ರೂಪಾಂತರ

ತುಮಕೂರು ಜಿಲ್ಲೆಯ ಆಧುನಿಕ ಸಾರಿಗೆಯ ಚರಿತ್ರೆಯನ್ನು 1884ರಿಂದ ಆರಂಭಿಸುವುದು ವಾಡಿಕೆ. ಮೈಸೂರು ಸಂಸ್ಥಾನದ ಮೀಟರ್ ಗೇಜ್ ರೈಲು ಮಾರ್ಗವು ಆ ವರ್ಷ ಬೆಂಗಳೂರಿನಿಂದ ತುಮಕೂರಿನ ಮೂಲಕ ಗುಬ್ಬಿಯನ್ನು ತಲುಪಿತು. ಆದರೆ ನಗರದ ಮಧ್ಯಭಾಗವನ್ನು ರೂಪಿಸಿದ್ದು ರೈಲೇ ಎಂಬ ನಿರ್ಣಯಕ್ಕೆ ಬರುವ ಮುನ್ನ ಪೇಟೆಯ ಇತಿಹಾಸವನ್ನೂ ರಸ್ತೆಯ ಇತಿಹಾಸವನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ.

ಈಗಿನ ತುಮಕೂರು ಪಟ್ಟಣದ ಸ್ಥಾಪನೆಯನ್ನು ಮೈಸೂರು ರಾಜಮನೆತನದ ಕಾಂತೆ ಅರಸಿಗೆ ಸಲ್ಲಿಸುವುದು ರೂಢಿಯಲ್ಲಿದೆ. ಚಿಕ್ಕಪೇಟೆ, ಮಂಡಿಪೇಟೆ, ಹೊರಪೇಟೆ ಎಂಬ ಹೆಸರುಗಳೇ ಇದು ವ್ಯಾಪಾರದಿಂದ ಬೆಳೆದ ಊರೆಂಬುದನ್ನು ಸೂಚಿಸುತ್ತವೆ. ರೈಲು ನಿಲ್ದಾಣವು ಈ ಪೇಟೆಗಳ ಒಡಲೊಳಗೆ ಬರಲಿಲ್ಲ. ಬೆಂಗಳೂರು-ಹೊನ್ನಾವರ ರಸ್ತೆಯ ಇನ್ನೊಂದು ಬದಿಗೆ ನಿಂತು ತನ್ನದೇ ಆದ ಬಡಾವಣೆಯನ್ನು ಬೆಳೆಸಿಕೊಂಡಿತು. ಹೀಗಾಗಿ ಹಳೆಯ ಪೇಟೆಗೂ ನಿಲ್ದಾಣಕ್ಕೂ ನಡುವೆ ಹೆದ್ದಾರಿಯೇ ಗಡಿಯಾಯಿತು.

ಗುಬ್ಬಿಯ ಸಂಗತಿ ಬೇರೆ. ರೈಲು ಬರುವುದಕ್ಕೆ ಬಹಳ ಮೊದಲೇ ಅದು ಹೆಸರಾಂತ ವ್ಯಾಪಾರ ಸ್ಥಳ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ವ್ಯಾಪಾರವನ್ನು ಗಮನಿಸಿ ಬರೆದಿದ್ದಾನೆ. 1884ರ ನಂತರ ಕೆಲಕಾಲ ಗುಬ್ಬಿಯೇ ಮಾರ್ಗದ ಕೊನೆಯ ನಿಲ್ದಾಣವಾಗಿತ್ತು. ಮಾರ್ಗದ ಕೊನೆಯಲ್ಲಿರುವ ಊರಿಗೆ ಸುತ್ತಲಿನ ಸರಕೆಲ್ಲ ಗಾಡಿಗಳಲ್ಲಿ ಬಂದು ಸೇರುವುದು ಸಹಜ. ಸದರನ್ ಮರಾಠಾ ರೈಲ್ವೆ ಕಂಪನಿಯು 1889ರ ವೇಳೆಗೆ ಮಾರ್ಗವನ್ನು ಹರಿಹರದವರೆಗೆ ಪೂರ್ಣಗೊಳಿಸಿದಾಗ ಆ ಅನುಕೂಲ ಗುಬ್ಬಿಯ ಕೈತಪ್ಪಿತು. ಮುಂದೆ ಕೊಬ್ಬರಿಯ ದೊಡ್ಡ ಮಾರುಕಟ್ಟೆಯಾಗಿ ಬೆಳೆದದ್ದು ಅದೇ ಮಾರ್ಗದ ತಿಪಟೂರು. ಗುಬ್ಬಿಯ ಹೆಸರನ್ನು ನಾಡಿನಾದ್ಯಂತ ಹರಡಿದ ಚನ್ನಬಸವೇಶ್ವರ ನಾಟಕ ಮಂಡಳಿಯೂ 1884ರಲ್ಲೇ ಹುಟ್ಟಿತೆಂಬುದು ಕುತೂಹಲಕರ; ಆದರೆ ಅದನ್ನು ರೈಲಿನ ಫಲವೆಂದು ಹೇಳುವುದು ಕಾಲಸಾಮ್ಯವನ್ನೇ ಕಾರಣವೆಂದು ಭ್ರಮಿಸಿದಂತಾದೀತು.

ರೈಲು ಮಾರ್ಗವು ಜಿಲ್ಲೆಯನ್ನು ಪೂರ್ವ-ಪಶ್ಚಿಮವಾಗಿ ಮಾತ್ರ ಹಾದುಹೋಯಿತು. ಉತ್ತರದ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಮತ್ತು ದಕ್ಷಿಣದ ಕುಣಿಗಲ್ ಅದರ ಹೊರಗೇ ಉಳಿದವು. ನ್ಯಾಯಾಲಯ, ಕಚೇರಿ, ಆಸ್ಪತ್ರೆ, ಕಾಲೇಜುಗಳಿಗಾಗಿ ಈ ತಾಲ್ಲೂಕುಗಳ ಜನ ಜಿಲ್ಲಾ ಕೇಂದ್ರಕ್ಕೆ ರಸ್ತೆಯ ಮೂಲಕವೇ ಬರಬೇಕಿತ್ತು. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಆರಂಭವಾದ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು 1961ರಲ್ಲಿ ನಿಗಮವಾಯಿತು. ಖಾಸಗಿ ಬಸ್ಸುಗಳ ಪಾತ್ರವೂ ಇಲ್ಲಿ ಕಡಿಮೆಯದಲ್ಲ. ಅಶೋಕ ರಸ್ತೆಯ ಬಸ್ ನಿಲ್ದಾಣವು ಇಡೀ ಜಿಲ್ಲೆ ಒಂದೆಡೆ ಕೂಡುವ ಜಾಗವಾದದ್ದು ಈ ಹಿನ್ನೆಲೆಯಲ್ಲಿ. ಸುತ್ತಲಿನ ಖಾನಾವಳಿ, ವಸತಿಗೃಹ, ಬಟ್ಟೆ-ಪಾತ್ರೆ ಅಂಗಡಿಗಳು, ಹಣ್ಣು-ಹೂವಿನ ತಳ್ಳುಗಾಡಿಗಳು ಬಸ್ಸಿನಿಂದ ಇಳಿದವರ ಕಾಲ್ನಡಿಗೆಯನ್ನೇ ಆಶ್ರಯಿಸಿದವು. ಪೇಟೆಗೆ ರೈಲಿಗಿಂತ ಬಸ್ಸೇ ಹೆಚ್ಚು ಉಸಿರು ತುಂಬಿತೆಂದು ಹೇಳಲು ಅಡ್ಡಿಯಿಲ್ಲ.

2016ರ ಸೆಪ್ಟೆಂಬರಿನಲ್ಲಿ ತುಮಕೂರು ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಮೇಲೆ ಈ ನಿಲ್ದಾಣದ ಪುನರ್ನಿರ್ಮಾಣವನ್ನು ಕೈಗೊಳ್ಳಲಾಯಿತು. ವಾಹನ ನಿಲುಗಡೆ ಹಾಗೂ ವಾಣಿಜ್ಯ ಮಳಿಗೆಗಳನ್ನು ಒಳಗೊಂಡ ಬಹುಮಹಡಿ ಕಟ್ಟಡವು ಡಿ. ದೇವರಾಜ ಅರಸು ಅವರ ಹೆಸರಿನಲ್ಲಿ 2024ರಲ್ಲಿ ಉದ್ಘಾಟನೆಗೊಂಡಿತು. ನಿಲ್ದಾಣವನ್ನು ಊರಾಚೆಯ ಹೆದ್ದಾರಿಗೆ ಸಾಗಿಸದೆ ಅದೇ ಸ್ಥಳದಲ್ಲಿ ಉಳಿಸಿಕೊಂಡದ್ದು ಈ ಯೋಜನೆಯ ಅತ್ಯಂತ ವಿವೇಕದ ನಿರ್ಧಾರ. ಸ್ಥಳಾಂತರವಾಗಿದ್ದರೆ ಹಳೆಯ ಪೇಟೆಯು ತನ್ನ ಗಿರಾಕಿಗಳನ್ನೇ ಕಳೆದುಕೊಳ್ಳುತ್ತಿತ್ತು. ಆದರೆ ಹಿಂದೆ ಬೀದಿಯಲ್ಲಿ ನಡೆಯುತ್ತಿದ್ದ ವ್ಯಾಪಾರವನ್ನು ಕಟ್ಟಡದೊಳಗೆ ಸೆಳೆದುಕೊಳ್ಳುವ ವಿನ್ಯಾಸದಲ್ಲಿ ಒಂದು ಅಪಾಯವೂ ಅಡಗಿದೆ. ಬಾಡಿಗೆ ತೆರಬಲ್ಲವನು ಒಳಗೆ, ತಳ್ಳುಗಾಡಿಯವನು ಹೊರಗೆ ಎಂಬಂತಾದರೆ ನಗರಮಧ್ಯದ ಪುನಶ್ಚೇತನವು ಯಾರಿಗಾಗಿ ಎಂಬ ಪ್ರಶ್ನೆ ಉಳಿಯುತ್ತದೆ.

ಇನ್ನೊಂದು ಕೊರತೆ ಹಳೆಯದು. ರೈಲು ಮತ್ತು ಬಸ್ ನಿಲ್ದಾಣಗಳು ಒಂದೇ ನಗರಮಧ್ಯದ ಎರಡು ಬದಿಗಳಲ್ಲಿ ಈಗಲೂ ಬೇರೆಬೇರೆಯಾಗಿಯೇ ಇವೆ. ದಾವಣಗೆರೆ ಮತ್ತು ರಾಯದುರ್ಗದ ಹೊಸ ಮಾರ್ಗಗಳು ಪೂರ್ಣಗೊಂಡು ತುಮಕೂರು ರೈಲು ಕೂಡುತಾಣವಾದಾಗ, ಇವೆರಡರ ನಡುವೆ ಹೆದ್ದಾರಿ ದಾಟುವ ನಡಿಗೆಯೇ ಪ್ರಯಾಣದ ಅತಿ ಕಷ್ಟದ ಭಾಗವಾಗಬಹುದು.

ಕುಣಿಗಲ್ಲಿಗಂತೂ ರೈಲು ಬಂದದ್ದು 2017ರಲ್ಲಿ. ನೆಲಮಂಗಲ-ಶ್ರವಣಬೆಳಗೊಳ ಮಾರ್ಗವು ಅದನ್ನು ಬೆಂಗಳೂರಿಗೂ ಹಾಸನಕ್ಕೂ ಜೋಡಿಸಿತು, ತನ್ನದೇ ಜಿಲ್ಲಾ ಕೇಂದ್ರಕ್ಕೆ ನೇರವಾಗಿ ಜೋಡಿಸಲಿಲ್ಲ. ಕುಣಿಗಲ್ಲಿನ ರೈತನಾಗಲಿ ವಿದ್ಯಾರ್ಥಿಯಾಗಲಿ ತುಮಕೂರಿಗೆ ಬರುವುದು ಇಂದಿಗೂ ರಸ್ತೆಯಿಂದಲೇ. ಅವನು ಇಳಿಯುವುದು ಅಶೋಕ ರಸ್ತೆಯಲ್ಲೇ.