ಕಾಲರಾ ಮತ್ತು ‘ಓ’ ಗುಂಪಿನ ರಕ್ತ

ಮೊದಲ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಗ್ರೀಸಿನ ಸಲೋನಿಕಾ ಬಂದರಿನಲ್ಲಿ ಬ್ರಿಟಿಷ್, ಫ್ರೆಂಚ್, ಸರ್ಬಿಯನ್ ಪಡೆಗಳ ಜೊತೆ ಭಾರತೀಯ ಸಿಪಾಯಿಗಳೂ ಬೀಡುಬಿಟ್ಟಿದ್ದರು. ಪೋಲೆಂಡಿನ ವೈದ್ಯ ದಂಪತಿ ಲುಡ್ವಿಕ್ ಮತ್ತು ಹಾನ್ನಾ ಹಿರ್ಷ್‌ಫೆಲ್ಡ್ ಇವರೆಲ್ಲರ ರಕ್ತ ಪರೀಕ್ಷಿಸಿ 1919ರಲ್ಲಿ ಫಲಿತಾಂಶ ಪ್ರಕಟಿಸಿದರು. ಯುರೋಪಿಯನ್ನರಲ್ಲಿ ‘ಎ’ ಗುಂಪು ಹೆಚ್ಚು, ಭಾರತೀಯರಲ್ಲಿ ‘ಬಿ’. ಆ ಕಾಲದ ಗೀಳಿಗೆ ತಕ್ಕಂತೆ ಇದನ್ನು ಜನಾಂಗಗಳ ಮೂಲದ ಗುರುತೆಂದೇ ಓದಲಾಯಿತು. ಈ ಹಂಚಿಕೆಯಲ್ಲಿ ರೋಗಗಳ ಕೈವಾಡವೂ ಇದ್ದೀತೆಂಬ ಯೋಚನೆ ಬಲಗೊಳ್ಳಲು ದಶಕಗಳೇ ಹಿಡಿದವು.

ಇದಕ್ಕೆ ಗಟ್ಟಿ ಉದಾಹರಣೆ ಕಾಲರಾ. ಬಾಂಗ್ಲಾದೇಶದ ಮತ್ಲಬ್‌ನಲ್ಲಿ ನಡೆದು 1985ರಲ್ಲಿ ಪ್ರಕಟವಾದ ಅಧ್ಯಯನವೊಂದು ವಿಚಿತ್ರ ಸಂಗತಿಯನ್ನು ಹೊರಗೆಡವಿತು. ರೋಗಾಣು ಹೊಟ್ಟೆ ಸೇರುವುದರಲ್ಲಿ ಯಾವ ಗುಂಪಿಗೂ ರಿಯಾಯಿತಿ ಇಲ್ಲ. ಆದರೆ ಸೇರಿದ ಮೇಲೆ ‘ಓ’ ಗುಂಪಿನವರನ್ನು ವಾಂತಿಭೇದಿ ಹೆಚ್ಚು ತೀವ್ರವಾಗಿ ಕಾಡುತ್ತದೆ. ಶತಮಾನಗಳಿಂದ ಕಾಲರಾದ ತವರೆನಿಸಿದ ಗಂಗೆಯ ಮುಖಜಭೂಮಿಯಲ್ಲಿ ‘ಓ’ ಗುಂಪಿನವರು ಕಡಿಮೆ. ರೋಗವೇ ತಲೆಮಾರುಗಳುದ್ದಕ್ಕೂ ಅವರನ್ನು ಸೋಸಿತೇ? ಇರಬಹುದು. ವಲಸೆ, ಒಳಮದುವೆಗಳಿಂದಲೂ ಗುಂಪುಗಳ ಪ್ರಮಾಣ ಬದಲಾಗುತ್ತದೆಯಾದ್ದರಿಂದ ಇದು ಸಾಬೀತಾದ ಮಾತಲ್ಲ.

1991ರ ಜನವರಿಯಲ್ಲಿ ಕಾಲರಾ ಪೆರು ದೇಶಕ್ಕೆ ನುಗ್ಗಿತು. ದಕ್ಷಿಣ ಅಮೆರಿಕ ಸುಮಾರು ನೂರು ವರ್ಷಗಳಿಂದ ಈ ಪಿಡುಗನ್ನು ಕಂಡಿರಲಿಲ್ಲ. ಅಲ್ಲಿನ ಮೂಲನಿವಾಸಿಗಳಲ್ಲಿ ಬಹುತೇಕ ಎಲ್ಲರೂ ‘ಓ’ ಗುಂಪಿನವರು. ಒಂದೇ ವರ್ಷದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಕೊಳಕು ನೀರೇ ಮುಖ್ಯ ಕಾರಣವಾದರೂ, ತ್ರುಹಿಲ್ಯೊ ನಗರದ ತನಿಖೆಯಲ್ಲಿ ‘ಓ’ ಗುಂಪಿನವರಲ್ಲಿ ರೋಗ ಉಲ್ಬಣಿಸಿದ್ದು ಕಂಡುಬಂತು.

ಕರುಳಿಗೂ ರಕ್ತದ ಗುಂಪಿಗೂ ಏನು ನಂಟು? ‘ಎ’, ‘ಬಿ’ ಎಂಬ ಗುರುತುಗಳು ಜೀವಕೋಶದ ಮೇಲಿನ ಸಕ್ಕರೆಯ ಸರಪಳಿಗಳು. ಅವು ರಕ್ತಕಣಗಳ ಮೇಲಷ್ಟೇ ಅಲ್ಲ, ಕರುಳಿನ ಒಳಪದರದ ಮೇಲೂ ಇರುತ್ತವೆ. ‘ಓ’ ಗುಂಪಿನಲ್ಲಿ ಸರಪಳಿಯ ಕೊನೆಯ ಆ ಕೊಂಡಿ ಇರುವುದಿಲ್ಲ. ಕಾಲರಾ ವಿಷ ತಗುಲಿದಾಗ ‘ಎ’ ಗುಂಪಿನ ಕರುಳಕೋಶಗಳಿಗಿಂತ ‘ಓ’ ಗುಂಪಿನವು, ನೀರು ಹೊರಸುರಿಸುವಂತೆ ಕೋಶಕ್ಕೆ ಆಜ್ಞೆ ಕೊಡುವ ರಾಸಾಯನಿಕವನ್ನು ಇಮ್ಮಡಿಗೂ ಮೀರಿ ತಯಾರಿಸುತ್ತವೆಂದು 2016ರಲ್ಲಿ ಅಮೆರಿಕದ ಪ್ರಯೋಗಾಲಯವೊಂದು ತೋರಿಸಿತು.

ಹಾಗೆಂದು ‘ಓ’ ನತದೃಷ್ಟ ಗುಂಪೇನಲ್ಲ. ತೀವ್ರ ಮಲೇರಿಯಾದಿಂದ ಅದು ತಕ್ಕಮಟ್ಟಿಗೆ ಕಾಪಾಡುತ್ತದೆ. ಕಾಲರಾಕ್ಕಂತೂ ಉಪ್ಪು-ಸಕ್ಕರೆ ಬೆರೆಸಿದ ನೀರಿನ ಮದ್ದಿದೆ: 1971ರಲ್ಲಿ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬೀಸ್ ಅದನ್ನು ಕುಡಿಸಿದಾಗ, ಶೇಕಡಾ 30ರಷ್ಟಿದ್ದ ಸಾವು 4ಕ್ಕೂ ಕೆಳಗಿಳಿಯಿತು. ಅಲ್ಲಿ ಯಾರ ರಕ್ತದ ಗುಂಪನ್ನೂ ಕೇಳುವ ಅಗತ್ಯ ಬೀಳಲಿಲ್ಲ.