ಅಳೆದದ್ದು ಯಾವುದರಿಂದ?

ಸ್ತನ ಕ್ಯಾನ್ಸರ್ ಆಪರೇಷನ್ ನಂತರ ಇಂಪ್ಲಾಂಟ್ ಹಾಕಿಸಿಕೊಂಡ ನಮ್ಮ ಚಿಕ್ಕಮ್ಮ ಒಮ್ಮೆ ಕೇಳಿದರು: "ಎರಡೂ ಕಡೆ ಸಮ ಇದೆ ಅಂತಾರೆ ಡಾಕ್ಟರು. ಯಾವುದರಿಂದ ಅಳೆದರೇ?" ಎಂಟೆಕ್‌ನಲ್ಲಿ ಇಮೇಜ್ ಪ್ರೊಸೆಸಿಂಗ್ ಓದಿದ ನಾನು ಆ ಪ್ರಶ್ನೆಯ ಚರಿತ್ರೆ ಹುಡುಕಿದೆ.

1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಜೆರೋ ಎಂಬ ವೈದ್ಯರು ಟಿಮ್ಮಿ ಜೀನ್ ಲಿಂಡ್ಸೆ ಎಂಬಾಕೆಗೆ ಮೊದಲ ಸಿಲಿಕೋನ್ ಸ್ತನ ಇಂಪ್ಲಾಂಟ್ ಹಾಕಿದರು. ಆಮೇಲೆ ಬಹುಕಾಲ ಆಕಾರಕ್ಕೆ ಸಾಕ್ಷಿ ವೈದ್ಯರ ಕಣ್ಣು, ಟೇಪು, ಫೋಟೋ ಅಷ್ಟೇ. ಗಾತ್ರ ತಿಳಿಯಲು ಪ್ಲಾಸ್ಟರ್ ಅಚ್ಚು ತೆಗೆಯುವುದೂ, ಎಷ್ಟು ನೀರು ಹೊರಚೆಲ್ಲಿತೆಂದು ನೋಡುವುದೂ ಇತ್ತು.

2000ದ ನಂತರ ಮೂರು ಆಯಾಮದ ಚಿತ್ರಣ ಹೆಚ್ಚು ಬಳಕೆಗೆ ಬಂತು. ನಮ್ಮ ಎರಡು ಕಣ್ಣುಗಳ ಹಾಗೆ, ಬೇರೆ ಬೇರೆ ಕೋನದ ಕ್ಯಾಮೆರಾಗಳು ಒಂದೇ ಬಿಂದುವನ್ನು ಗುರುತಿಸಿ ಆಳವನ್ನು ಲೆಕ್ಕ ಹಾಕುತ್ತವೆ. ಮೈ ಮುಟ್ಟುವುದಿಲ್ಲ, ಎಕ್ಸ್‌ರೇ ಇಲ್ಲ. ಮೊದಲಿನ ಮತ್ತು ನಂತರದ ಮೇಲ್ಮೈಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟರೆ ವ್ಯತ್ಯಾಸ ಮಿಲಿಮೀಟರಿನಲ್ಲಿ ಸಿಗುತ್ತದೆ. ಆದರೆ ಚರ್ಮದ ಹಿಂದಿನ ಎದೆಗೂಡು ಕ್ಯಾಮೆರಾಗೆ ಕಾಣದು. ಗಾತ್ರದ ಲೆಕ್ಕದಲ್ಲಿ ಅಂದಾಜು ಉಳಿದೇ ಇರುತ್ತದೆ.

2009ರಲ್ಲಿ ಬ್ರೆಸ್ಟ್-ಕ್ಯೂ ಎಂಬ ಪ್ರಶ್ನಾವಳಿ ಪ್ರಕಟವಾಯಿತು. ಅದು ತೃಪ್ತಿಯ ಬಗ್ಗೆ ಮಹಿಳೆಯನ್ನೇ ಕೇಳುತ್ತದೆ.

ಇದನ್ನೆಲ್ಲ ಹೇಳಿದಾಗ ಚಿಕ್ಕಮ್ಮ ಅಂದರು: "ಹಾಗಾದರೆ ನನ್ನನ್ನೂ ಕೇಳಬೇಕಿತ್ತಲ್ಲ!"