ಅರ್ಥಶಾಸ್ತ್ರದ ಮೈಸೂರು ಪ್ರತಿ: ಗ್ರಂಥಭಂಡಾರದ ಒಂದು ಸೇರ್ಪಡೆ

ಪ್ರತಿವರ್ಷವೂ ವಿಶ್ವವಿದ್ಯಾನಿಲಯಗಳ ಗ್ರಂಥಭಂಡಾರಗಳು ತಮಗೆ ಹೊಸದಾಗಿ ಬಂದ ಪುಸ್ತಕಗಳು, ಹಸ್ತಪ್ರತಿಗಳು, ಮೈಕ್ರೊಫಿಲ್ಮ್ ಸುರುಳಿಗಳು, ಡಿಜಿಟಲ್ ಪ್ರತಿಗಳು ಇವುಗಳ ಪಟ್ಟಿಯನ್ನು ಸಿದ್ಧಪಡಿಸುತ್ತವೆ. ಅಧ್ಯಾಪಕರು ಈ ಪಟ್ಟಿಯನ್ನು ತಮ್ಮ ವಿಷಯಕ್ಕೆ ಸೇರಿದ ಒಂದೆರಡು ಹೆಸರುಗಳಿಗಾಗಿ ತಿರುವಿಹಾಕಿ ಬದಿಗಿಡುವುದು ವಾಡಿಕೆ. ವಿದ್ಯಾರ್ಥಿಗಳು ಅದನ್ನು ನೋಡುವುದೇ ಅಪೂರ್ವ. ಆದರೆ ಇಂಥ ಪಟ್ಟಿಯ ಒಂದೇ ಒಂದು ಸಾಲು ಪ್ರಾಚೀನ ಭಾರತದ ಚರಿತ್ರೆಯ ಒಂದು ಅಧ್ಯಾಯವನ್ನು ಮತ್ತೆ ಬರೆಯುವಂತೆ ಮಾಡಿದ ನಿದರ್ಶನ ನಮ್ಮ ನಾಡಿನಲ್ಲಿಯೇ ಉಂಟು. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿ ಬಂದು ಸೇರಿದ ಸಂಗತಿಯೇ ಅದು. ಈ ಸೇರ್ಪಡೆಯಿಂದ ದೊರೆತುದೇನು, ದೊರೆಯದೆ ಹೋದುದೇನು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮೈಸೂರಿನ ಈ ಗ್ರಂಥಭಂಡಾರ 1891ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ ಸ್ಥಾಪಿತವಾಯಿತು. ನಾಡಿನ ಮನೆಮನೆಗಳಲ್ಲಿಯೂ ಮಠಗಳಲ್ಲಿಯೂ ಹುಳುಹಿಡಿದು ನಾಶವಾಗುತ್ತಿದ್ದ ಸಂಸ್ಕೃತ ಮತ್ತು ಕನ್ನಡ ಓಲೆಗರಿಗಳನ್ನು ಸಂಗ್ರಹಿಸಿ, ಪ್ರತಿಮಾಡಿಸಿ, ಅಚ್ಚುಹಾಕಿಸುವುದು ಅದರ ಕಾರ್ಯವಾಗಿದ್ದಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಇದು ಅದರ ಅಂಗವಾಯಿತು; 1943ರಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಹೆಸರನ್ನು ಪಡೆಯಿತು.

ಈ ಶಾಲೆಯಲ್ಲಿ ಗ್ರಂಥಪಾಲಕರಾಗಿದ್ದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಗ್ರಂಥಲಿಪಿಯ ಒಂದು ಓಲೆಕಟ್ಟನ್ನು ಈ ಭಂಡಾರಕ್ಕೆ ಒಪ್ಪಿಸಿದರು. ಅದರೊಡನೆ ಭಟ್ಟಸ್ವಾಮಿ ಎಂಬುವನ ವ್ಯಾಖ್ಯಾನದ ಒಂದು ಅಲ್ಪಭಾಗವೂ ಇದ್ದಿತು. ಶಾಸ್ತ್ರಿಗಳು ಕಟ್ಟನ್ನು ಬಿಚ್ಚಿ ಓದಿ, ಅದು ಕೌಟಿಲ್ಯನ ಗ್ರಂಥವೆಂಬುದನ್ನು ಗುರುತಿಸಿದರು. 1905ರಲ್ಲಿಯೇ ಅದರ ಕೆಲವು ಭಾಗಗಳನ್ನು ಇಂಡಿಯನ್ ಆಂಟಿಕ್ವರಿ ಪತ್ರಿಕೆಯ ಮೂಲಕ ಇಂಗ್ಲಿಷಿನಲ್ಲಿ ಪರಿಚಯಿಸಿದರು. 1909ರಲ್ಲಿ ಮೂಲವನ್ನು ಅಚ್ಚುಮಾಡಿಸಿದರು. 1915ರಲ್ಲಿ ಸಂಪೂರ್ಣ ಇಂಗ್ಲಿಷ್ ಅನುವಾದವು ಜೆ. ಎಫ್. ಫ್ಲೀಟರ ಪರಿಚಯವಾಕ್ಯದೊಡನೆ ಹೊರಬಂದಿತು.

ಈ ಕಾರ್ಯದ ಮಹತ್ತ್ವವನ್ನು ತಿಳಿಯಬೇಕಾದರೆ ಅದಕ್ಕೆ ಮುಂಚಿನ ಸ್ಥಿತಿಯನ್ನು ನೆನೆಯಬೇಕು. ಕೌಟಿಲ್ಯನ ಹೆಸರು ಆಗ ಯಾರಿಗೂ ಅಪರಿಚಿತವಾಗಿರಲಿಲ್ಲ. ದಂಡಿಯ ದಶಕುಮಾರಚರಿತದಲ್ಲಿ ವಿಷ್ಣುಗುಪ್ತನು ಮೌರ್ಯನಿಗಾಗಿ 6000 ಶ್ಲೋಕ ಪ್ರಮಾಣದಲ್ಲಿ ದಂಡನೀತಿಯನ್ನು ಸಂಕ್ಷೇಪಿಸಿದನೆಂಬ ಮಾತಿದೆ. ಬಾಣನು ಕಾದಂಬರಿಯಲ್ಲಿ ಕೌಟಿಲ್ಯನ ಶಾಸ್ತ್ರವನ್ನು ನಿರ್ದಯವೆಂದು ನಿಂದಿಸಿದ್ದಾನೆ. ಕಾಮಂದಕನು ವಿಷ್ಣುಗುಪ್ತನನ್ನು ಗುರುವೆಂದು ವಂದಿಸಿದ್ದಾನೆ. ಹೆಸರಿತ್ತು, ಗ್ರಂಥವಿರಲಿಲ್ಲ. ಮೌರ್ಯರ ಆಡಳಿತವನ್ನು ಕುರಿತು ಬರೆಯುವವರಿಗೆ ಮೆಗಸ್ತನೀಸನ ಬರವಣಿಗೆಯಿಂದ ಇತರ ಗ್ರೀಕ್ ಮತ್ತು ಲ್ಯಾಟಿನ್ ಲೇಖಕರು ಉದ್ಧರಿಸಿದ ತುಣುಕುಗಳೂ, 1837ರಲ್ಲಿ ಪ್ರಿನ್ಸೆಪನು ಓದಿದಂದಿನಿಂದ ಬೆಳಕಿಗೆ ಬಂದ ಅಶೋಕನ ಶಾಸನಗಳೂ ಮುಖ್ಯ ಆಧಾರಗಳಾಗಿದ್ದುವು. ಇಂಥ ಸಮಯದಲ್ಲಿ 15 ಅಧಿಕರಣ, 150 ಅಧ್ಯಾಯ, 180 ಪ್ರಕರಣಗಳ ಒಂದು ರಾಜ್ಯಶಾಸ್ತ್ರವು ಸಮಗ್ರವಾಗಿ ಕೈಗೆ ಬಂದಿತು. ಕೃಷಿ, ಗಣಿ, ಸುಂಕ, ತೂಕ ಅಳತೆ, ನೇಯ್ಗೆ, ಆನೆ ಕುದುರೆಗಳ ಪೋಷಣೆ, ವ್ಯವಹಾರ ನಿರ್ಣಯ, ಗೂಢಚರ್ಯೆ ಇವೆಲ್ಲವುಗಳ ವಿವರ ಅದರಲ್ಲಿದ್ದಿತು. ಭಾರತೀಯರಿಗೆ ರಾಜ್ಯಚಿಂತನೆಯೇ ಇರಲಿಲ್ಲವೆಂಬ, ಅಂದು ಪ್ರಚಲಿತವಾಗಿದ್ದ ಅಭಿಪ್ರಾಯವು ಇದರಿಂದ ತಳವಿಲ್ಲದಂತಾಯಿತು.

ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಅರ್ಥಶಾಸ್ತ್ರದ ಪ್ರತಿ ಲೋಕದಲ್ಲಿ ಇದೊಂದೇ ಆಗಿರಲಿಲ್ಲ. ಗಣಪತಿಶಾಸ್ತ್ರಿಗಳು 1924-25ರಲ್ಲಿ ತಿರುವನಂತಪುರದಿಂದ ಪ್ರಕಟಿಸಿದ ಸಂಸ್ಕರಣಕ್ಕೆ ಮಲಯಾಳ ಲಿಪಿಯ ಪ್ರತಿಗಳು ಒದಗಿದುವು. ಗುಜರಾತಿನ ಪಾಟಣದ ಜೈನಭಂಡಾರದಲ್ಲಿದ್ದ ಒಂದು ಓಲೆಯ ತುಣುಕನ್ನು ಮುನಿ ಜಿನವಿಜಯರು 1959ರಲ್ಲಿ ಪ್ರಕಟಿಸಿದರು. ಈ ಸಾಮಗ್ರಿಯನ್ನೆಲ್ಲ ತೂಗಿನೋಡಿ ಕಾಂಗಲೆಯವರು 1960ರಿಂದ 1965ರವರೆಗೆ ಮೂರು ಭಾಗಗಳಲ್ಲಿ ತಮ್ಮ ಪರಿಷ್ಕೃತ ಆವೃತ್ತಿಯನ್ನು ಮುಂಬಯಿ ವಿಶ್ವವಿದ್ಯಾನಿಲಯದಿಂದ ಹೊರತಂದರು. ಎಂದಮೇಲೆ ಗ್ರಂಥವು ಹಲವು ಕಡೆ ಇದ್ದೇ ಇದ್ದಿತು. ಇದ್ದರೂ ವಿದ್ವಲ್ಲೋಕದ ಪಾಲಿಗೆ ಅದು ಇಲ್ಲದಂತೆಯೇ ಇದ್ದಿತು. ಗ್ರಂಥವು ಭಂಡಾರವನ್ನು ಸೇರುವುದು ಬೇರೆ, ವಿದ್ಯೆಯನ್ನು ಸೇರುವುದು ಬೇರೆ. ಇವೆರಡರ ನಡುವಣ ಅಂತರವನ್ನು ಮೈಸೂರಿನಲ್ಲಿ ದಾಟಿಸಿದುದು ಲಿಪಿಯನ್ನೂ ಶಾಸ್ತ್ರವನ್ನೂ ಬಲ್ಲ ಒಬ್ಬ ಗ್ರಂಥಪಾಲಕರ ಓದು.

ಇನ್ನು ದೊರೆಯದೆ ಹೋದುದರ ಮಾತು. ಕಟ್ಟನ್ನು ತಂದ ಪಂಡಿತರು ಯಾರು? ಶಾಮಶಾಸ್ತ್ರಿಗಳ ಮುನ್ನುಡಿ ಅವರನ್ನು ತಂಜಾವೂರು ಜಿಲ್ಲೆಯ ಪಂಡಿತರೆಂದಷ್ಟೇ ಸ್ಮರಿಸಿ ಮುಂದುವರಿಯುತ್ತದೆ, ಹೆಸರಿಲ್ಲ, ಊರಿಲ್ಲ. ಈ ಮೌನವು ಒಂದು ತಪ್ಪಿಗೆ ಎಡೆಗೊಟ್ಟಿದೆ. ಇತ್ತೀಚಿನ ಜನಪ್ರಿಯ ಬರಹಗಳಲ್ಲಿ ಓಲೆಯನ್ನು ತಂದವರೇ ಭಟ್ಟಸ್ವಾಮಿ ಎಂದು ಬರೆದಿರುವುದನ್ನು ನಾವು ಪದೇಪದೇ ಕಾಣುತ್ತೇವೆ. ಎರಡನೆಯ ಅಧಿಕರಣದ ಒಂದು ಭಾಗಕ್ಕೆ ಟೀಕೆ ಬರೆದ ಪ್ರಾಚೀನ ವ್ಯಾಖ್ಯಾನಕಾರನ ಹೆಸರು ಇಪ್ಪತ್ತನೆಯ ಶತಮಾನದ ದಾನಿಯ ಮೇಲೆ ಬಂದು ಕುಳಿತಿದೆ. ನಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಈ ತಪ್ಪನ್ನು ತಿದ್ದಿದ ನಾವೇ, ಹಾಗಾದರೆ ನಿಜವಾದ ಹೆಸರೇನೆಂದು ಅವರು ಕೇಳಿದಾಗ ನಿರುತ್ತರರಾಗಿದ್ದೇವೆ.

ಇದು ಕೇವಲ ಕೃತಜ್ಞತೆಯ ಪ್ರಶ್ನೆಯೆಂದು ಭಾವಿಸಲಾಗದು. ಆ ಓಲೆ ಯಾವ ಮನೆತನದಲ್ಲಿ ಎಷ್ಟು ತಲೆಮಾರು ಇದ್ದಿತು, ಯಾವ ಮಾತೃಕೆಯಿಂದ ಪ್ರತಿಯಾಯಿತು, ಅದನ್ನು ಓದುತ್ತಿದ್ದವರು ರಾಜಾಸ್ಥಾನದವರೋ ಶಾಸ್ತ್ರಾಧ್ಯಾಪಕರೋ ಎಂಬ ಪ್ರಶ್ನೆಗಳಿಗೆ ದಾರಿ ಆ ಹೆಸರಿನಿಂದಲೇ ತೆರೆಯಬೇಕಾಗಿದ್ದಿತು. ಗ್ರಂಥದ ಕಾಲವನ್ನು ಕುರಿತ ವಾದವನ್ನು ನೋಡಿದರೆ ಇಂಥ ವಿವರಗಳ ಬೆಲೆ ತಿಳಿಯುತ್ತದೆ. ಶಾಮಶಾಸ್ತ್ರಿಗಳು ಇದನ್ನು ಚಂದ್ರಗುಪ್ತಮೌರ್ಯನ ಮಂತ್ರಿಯ ಕೃತಿಯೆಂದು ಗ್ರಹಿಸಿದರು. ಯೋಲಿ, ವಿಂಟರ್ನಿಟ್ಸ್ ಮೊದಲಾದವರು ಕ್ರಿಸ್ತಶಕದ ಶತಮಾನಗಳಿಗೆ ಇಳಿಸಿದರು. ಟ್ರೌಟ್‌ಮನ್ನರು 1971ರಲ್ಲಿ ಪದಪ್ರಯೋಗಗಳ ಗಣನೆಯಿಂದ ಇದು ಒಬ್ಬನ ಕೈಬರಹವಲ್ಲವೆಂದು ವಾದಿಸಿದರು. ಚೀನಪಟ್ಟದ ಪ್ರಸ್ತಾಪವೂ, ವಿದ್ವಾಂಸರು ಅಲೆಗ್ಸಾಂಡ್ರಿಯದ್ದೆಂದು ಗುರುತಿಸಿದ ಹವಳದ ಪ್ರಸ್ತಾಪವೂ ತರುವಾಯದ ಕಾಲವನ್ನು ಸೂಚಿಸುತ್ತವೆಂಬುದು ಒಂದು ಪಕ್ಷ. 2013ರಲ್ಲಿ ಹೊಸ ಅನುವಾದವನ್ನು ಪ್ರಕಟಿಸಿದ ಒಲಿವೆಲ್ಲರೂ ಈಗಿನ ರೂಪವನ್ನು ಕ್ರಿಸ್ತಶಕದ ಆದಿಯ ಶತಮಾನಗಳಲ್ಲಿಯೇ ಇರಿಸುತ್ತಾರೆ. ಹೀಗಿದ್ದರೂ ನಮ್ಮ ತರಗತಿಗಳಲ್ಲಿ ಅಧ್ಯಕ್ಷಪ್ರಚಾರದ ಅಧಿಕಾರಿಗಳ ಪಟ್ಟಿಯನ್ನೆಲ್ಲ ಚಂದ್ರಗುಪ್ತನ ಆಡಳಿತವೆಂದೇ ಬರೆಯಿಸುವ ರೂಢಿ ಹೋಗಿಲ್ಲ. ಶಾಸ್ತ್ರವು ರಾಜ್ಯ ಹೇಗಿರಬೇಕೆಂದು ಹೇಳುತ್ತದೆಯೇ ಹೊರತು ಇಂಥ ರಾಜ್ಯ ಹೀಗೆಯೇ ಇದ್ದಿತೆಂದು ಹೇಳುವುದಿಲ್ಲ. ಅನುವಾದ ಹೊರಬಂದ 1915ರಲ್ಲಿಯೇ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನ ಗೋಚರಿಸಿತು. ಬಂಡೆಯು ತಾನಿದ್ದ ನೆಲವನ್ನು ಬಿಟ್ಟು ಬರಲಿಲ್ಲ. ಆದ್ದರಿಂದ ಅದರ ಸ್ಥಳವೂ ಸಾಕ್ಷಿ ನುಡಿಯುತ್ತದೆ. ಓಲೆಯಾದರೋ ನೆಲವನ್ನು ಬಿಟ್ಟು ಬಂದಿತು. ಅದು ಬಂದ ದಾರಿಯನ್ನು ಬರೆದಿಡಬೇಕಾದವರು ನಾವು.

ಇಂದು ಗ್ರಂಥಭಂಡಾರಗಳಿಗೆ ಬರುವ ಸೇರ್ಪಡೆಗಳ ಸ್ವರೂಪ ಬದಲಾಗಿದೆ. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭವಾದಂದಿನಿಂದ ಓಲೆಗಳ ಛಾಯಾಪ್ರತಿಗಳನ್ನು ತೆಗೆಯುವ ಕೆಲಸಕ್ಕೆ ಒತ್ತು ದೊರೆತಿದೆ. ಇದು ಸಂತೋಷದ ಸಂಗತಿ. ಆದರೆ ಛಾಯಾಪ್ರತಿಯು ಅಕ್ಷರವನ್ನು ತೋರಿಸೀತು, ಮನೆತನವನ್ನು ತೋರಿಸದು. ಮೂಲ ಓಲೆ ಮನೆಯಲ್ಲಿಯೇ ಉಳಿದು ಚಿತ್ರವಷ್ಟೇ ಭಂಡಾರಕ್ಕೆ ಬಂದಾಗ, ಒಂದು ತಲೆಮಾರಿನೊಳಗೆ ಆ ಚಿತ್ರವು ಎಲ್ಲಿಯದೆಂಬುದೇ ಮರೆತುಹೋಗುವ ಸಂಭವವುಂಟು. ಆದಕಾರಣ ಸೇರ್ಪಡೆಯ ದಾಖಲೆಯಲ್ಲಿ ಕೊಟ್ಟವರು ಒಪ್ಪಿದಲ್ಲಿ ಅವರ ಹೆಸರು, ಊರು, ಓಲೆ ಅವರಿಗೆ ಬಂದ ಬಗೆ, ಜೊತೆಯಲ್ಲಿದ್ದ ಇತರ ಕಟ್ಟುಗಳು ಈ ನಾಲ್ಕನ್ನಾದರೂ ನಮೂದಿಸುವುದು ಅವಶ್ಯಕ. ಇದಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಅರ್ಧ ಗಳಿಗೆಯ ಸಂಭಾಷಣೆ ಸಾಕು.

ಇತಿಹಾಸದ ವಿದ್ಯಾರ್ಥಿಗಳು ಪುಸ್ತಕದ ಕಪಾಟಿನ ಬಳಿಗೆ ಹೋಗುವ ಮುನ್ನ ಒಮ್ಮೆ ಸೇರ್ಪಡೆಯ ದಾಖಲೆಯನ್ನು ತೆರೆದುನೋಡುವ ಅಭ್ಯಾಸವನ್ನು ಮಾಡಿಕೊಳ್ಳಲೆಂದು ನಾವು ಆಶಿಸುತ್ತೇವೆ. ಆಧಾರವನ್ನು ಪರೀಕ್ಷಿಸುವ ಶಿಕ್ಷಣದ ಮೊದಲ ಪಾಠ ಅಲ್ಲಿಯೇ ಇದೆ. ಶಾಮಶಾಸ್ತ್ರಿಗಳ ಹೆಸರು ಚರಿತ್ರೆಯಲ್ಲಿ ಸ್ಥಿರವಾಗಿ ನಿಂತಿದೆ. ಅದು ನ್ಯಾಯವೇ ಸರಿ. ತಮ್ಮ ಮನೆಯ ಓಲೆಕಟ್ಟನ್ನು ಹೊತ್ತು ತಂದು ಒಪ್ಪಿಸಿ ಹಿಂದಿರುಗಿದ ಆ ಪಂಡಿತರಿಗೆ ನಾವು ಹೆಸರು ಹಿಡಿದು ನಮಸ್ಕರಿಸಲಾರೆವು. ಮುಂದಿನ ದಾನಿಗಳ ವಿಷಯದಲ್ಲಿ ಈ ಲೋಪ ಮರುಕಳಿಸದಂತೆ ನೋಡಿಕೊಳ್ಳುವುದೊಂದೇ ನಮ್ಮಿಂದ ಸಲ್ಲಬಹುದಾದ ಋಣ.